ಕ್ರೀಡಾಕೂಟಕ್ಕೆ ಹೊರಟ ಮಕ್ಕಳ ಮೊಬೈಲ್ ಇಸ್ಕೋಬೇಕಾ, ಬಿಡಬೇಕಾ?

ಸೀಟಿ ಮೇಷ್ಟ್ರು, ಸಿಂಧನೂರು
ಎಲ್ಲಾರಿಗೂ ನಮಸ್ಕಾರ್ರಿ. ನಾನು ಹೈಸ್ಕೂಲಿನ್ಯಾಗ ದೈಹಿಕ ಶಿಕ್ಷಕ. ನಮ್ಮ ಮಕ್ಕಳು ಜಿಲ್ಲಾ ಮಟ್ಟ ಮುಗಿಸಿ ಈಗ ವಿಭಾಗ ಮಟ್ಟಕ್ಕ ಹೊಂಟಾರ. ಅಥ್ಲೆಟಿಕ್ಸು, ಮತ್ತ ಹುಡುಗ್ಯಾರ ಖೋ ಖೋ. ಒಂದು ವಿಷಯದಾಗ ಸಲಹೆ ಬೇಕಾಗೇತಿ.

ಜಿಲ್ಲಾ ಕೂಟದಾಗ ಏನಾತಂದ್ರ, ನಮ್ಮ ಹುಡುಗಿ ಒಬ್ಬಾಕಿ 800 ಮೀಟರ್ ಹೀಟ್ಸ್‌ನ್ಯಾಗ, ಅಂದ್ರ ಫೈನಲ್‌ಗೆ ಮುಂಚಿನ ಸುತ್ತಿನ್ಯಾಗ, ಭಾಳ ಚೊಲೊ ಓಡಿದ್ಲು. ಗೆಳತಿ ವಿಡಿಯೊ ಮಾಡಿದ್ಲು, ಇಕಿ ಅದಕ್ಕ ಹಾಡು ಹಚ್ಚಿ ‘ಫೈನಲ್ ನಂದೇ’ ಅಂತ ರೀಲ್ಸ್ ಹಾಕಿದ್ಲು. ಫೈನಲ್ ಮಧ್ಯಾಹ್ನಕ್ಕಿತ್ತು. ಅಲ್ಲೀತನ ಶಾಮಿಯಾನದ ಕೆಳಗ ಕುಂತು ಕಾಮೆಂಟ್ ಓದಿದ್ದೇ ಓದಿದ್ದು. ಚೆಸ್ಟ್ ನಂಬರಿನ ಪಿನ್ನು ಹಲ್ಲಾಗ ಕಚಗೊಂಡಾಳ, ಹೆಬ್ಬಟ್ಟು ಮೊಬೈಲ್ ಮ್ಯಾಲೆ ಓಡಾಕತ್ತೇತಿ. ಬ್ಯಾರೆ ಸಾಲಿ ಹುಡುಗ್ರು ಏನೇನೋ ಬರದಿದ್ರು, ಇಕಿ ಒಬ್ಬೊಬ್ಬರಿಗೂ ಉತ್ತರ ಬರಿಯಾಕತ್ತಿದ್ಲು. ಮೈಕಿನ್ಯಾಗ ಕರದಾಗ ವಾರ್ಮ್‌ಅಪ್ ಇಲ್ಲದ ಎದ್ದು ಓಡಿಹೋದ್ಲು. ನಾಲ್ಕನೇದಾಕಿ ಆದ್ಲು. ರಿಲೇ ಟೀಮಿನ್ಯಾಗ ಅದಾಳ ಅಂತ ಈಗ ಬರಾಕತ್ಯಾಳ, ಇಲ್ಲಾಂದ್ರ ಅದೂ ಇಲ್ಲ.

ಬಸ್ ಹತ್ತೂಮುಂದ ಎಲ್ಲಾರ ಫೋನ್ ಒಂದು ಚೀಲದಾಗ ಹಾಕಿ, ಊರಿಗೆ ಬಂದ ಮ್ಯಾಲೆ ಕೊಡೋದು ಅಂತ ಸಾಲ್ಯಾಗ ಮಾತಾಗೇತಿ. ಪಾಲಕರ ವಾಟ್ಸಾಪ್ ಗ್ರೂಪಿನ್ಯಾಗ ಇದನ್ನ ಹಾಕಿದ್ದೇ ತಡ, ಗದ್ದಲೋ ಗದ್ದಲ. ದೊಡ್ಡ ದೊಡ್ಡ ಕೂಟದಾಗ ಇದನ್ನ ಹೆಂಗ ಮಾಡ್ತಾರ? ತಿಳಿದೋರು ಹೇಳ್ರಿ.

ಎಡದಂಡೆ ಗೌಡ, ಕಾರಟಗಿ
ಇದಕ್ಕೇನ್ ಚರ್ಚೆ ಸರ? ಇಸ್ಕೊಂಡು ಚೀಲಕ್ಕ ಹಾಕ್ರಿ. ಮುಗೀತು.

ಮಾನ್ವಿ ಅಕ್ಕ
@ಎಡದಂಡೆ ಗೌಡ ಅಣ್ಣಾರ, ನಿಮಗ ಹೆಣ್ಮಕ್ಕಳು ಅದಾರೋ ಇಲ್ಲೋ ಗೊತ್ತಿಲ್ಲ. ನನ್ನ ಮಗಳು ಖೋ ಖೋ ಆಡ್ತಾಳ. ಹ್ವಾದ ವರ್ಷ ಬ್ಯಾರೆ ಊರಿಗೆ ಆಡಾಕ ಹೋದಾಗ ಇವ್ರಿಗೆ ಉಳಿಯಾಕ ಕೊಟ್ಟಿದ್ದು ಒಂದು ಕಲ್ಯಾಣ ಮಂಟಪ. ಬಾಗಲಕ್ಕ ಒಳಗ ಚಿಲಕಾನ ಇಲ್ಲ. ರಾತ್ರಿ ಅಕಿ ನನಗ ಫೋನ್ ಮಾಡಿದ್ಲು, ನಾನು ಮೇಡಮ್ಮಾರಿಗೆ ಮಾಡಿದೆ, ಅವ್ರು ಪಾಪ ಎದ್ದು ಬಂದು ಬ್ಯಾರೆ ಕೋಣೆ ಕೊಡಿಸಿದ್ರು. ಅವತ್ತು ಫೋನ್ ಚೀಲದಾಗ ಇದ್ದಿದ್ರ ಯಾರಿಗೆ ಹೇಳಬೇಕಿತ್ತು ಅಕಿ?

ರೀಲ್ಸ್ ಬ್ಯಾಡ ಅನ್ರಿ, ಒಪ್ತೀನಿ. ಫೋನೇ ಬ್ಯಾಡ ಅಂದ್ರ ನಾನು ಮಗಳನ್ನ ಕಳಸಂಗಿಲ್ಲ.

ಬಿಸಿಲೂರ ಹುಡುಗ, ರಾಯಚೂರು
ಎಲ್ಲಾರಿಗೂ ಕೀಪ್ಯಾಡ್ ಫೋನ್ ಕೊಡಿಸಿಬಿಡ್ರಿ. ಹಾವಿನ ಗೇಮ್ ಆಡ್ಕೋತ ಕುಂದರ್ಲಿ 😄

ಟೆನಿಸ್ ಬಾಲ್ ಟೈಗರ್, ಬಳ್ಳಾರಿ
ಮೇಷ್ಟ್ರೇ, ಬೇಜಾರಾಗ್ಬೇಡಿ, ನಿಮ್ಮ ಕಾಲ ಬೇರೆ ಈಗಿನ ಕಾಲ ಬೇರೆ. ನಾನು ಟೆನಿಸ್ ಬಾಲ್ ಕ್ರಿಕೆಟ್ ಆಡೋನು. ಇಲ್ಲಿ ಮುನ್ಸಿಪಲ್ ಗ್ರೌಂಡಿಂದ ಹಿಡ್ದು ಸಿರುಗುಪ್ಪ, ಕಂಪ್ಲಿ, ಆ ಕಡೆ ಗುಂತಕಲ್ ತನಕ ಆಡಿದೀನಿ. ನನ್ನ ಹೆಸರು ಪೇಪರ್‌ನಾಗೆ ನೋಡಿ ಯಾವನೂ ಕರೆದಿಲ್ಲ. ಯೂಟ್ಯೂಬ್ ಲೈವ್‌ನಾಗೆ ಬಂದ ಸಿಕ್ಸರ್ ಕಟ್ ಮಾಡಿ ಹಾಕಿದ್ದಕ್ಕೇ ಹೊರಗಿನ ಟೀಮಿನೋರು ಕರೆದಿದ್ದು, ಮ್ಯಾಚಿಗೆ ಇಷ್ಟು ಅಂತ ಕೊಟ್ಟಿದ್ದು.

ಬ್ಯಾಟ್ ಕೊಡಿಸಿದ ಅಂಗಡಿಯೋರು ಬೌಂಡರಿ ಹಗ್ಗದ ಹತ್ರಾನೇ ನಿಂತಿರ್ತಾರೆ. ‘ಈಗ್ಲೇ ಸ್ಟೋರಿ ಹಾಕು, ಟ್ಯಾಗ್ ಮಾಡು’ ಅಂತಾರೆ. ನಾಳೆ ಹಾಕಿದ್ರೆ ಯಾರು ನೋಡ್ತಾರೆ? ಬಡವರ ಮನೆ ಹುಡುಗಿ 800 ಮೀಟರ್ ಓಡ್ತಾಳೆ, ಸ್ಪೈಕ್ಸ್ ಕೊಡಿಸೋರು ಯಾರು? ಇಲಾಖೆನಾ? ಆ ರೀಲ್ಸ್ ನೋಡಿ ಯಾರೋ ಒಬ್ಬ ಪುಣ್ಯಾತ್ಮ ಕೊಡಿಸ್ಬಹುದು. ಅದನ್ನೂ ಕಿತ್ಕೋತೀರಾ?

ಎಡದಂಡೆ ಗೌಡ, ಕಾರಟಗಿ
ಒಲಿಂಪಿಕ್ಸ್‌ನ್ಯಾಗ ಫೋನ್ ಮುಟ್ಟಾಕ ಬಿಡಂಗಿಲ್ಲ ತಮ್ಮಾ. ನಮ್ಮ ಹುಡುಗ್ರೇನು ಅದಕ್ಕಿಂತ ದೊಡ್ಡೋರಾ?

ಕಡತ ಕೊಪ್ಪಳ
@ಎಡದಂಡೆ ಗೌಡ ಗೌಡ್ರೇ, ಅದು ಹಾಗಿಲ್ಲ. ಒಲಿಂಪಿಕ್ಸ್‌ನಲ್ಲಿ ಫೋನ್ ನಿಷೇಧ ಇಲ್ಲ, ಯಾವಾಗ ಏನು ಹಾಕಬಹುದು ಅನ್ನೋದಕ್ಕೆ ನಿಯಮ ಇದೆ. 2012ರ ಲಂಡನ್ ಕೂಟದಲ್ಲಿ ಕ್ರೀಡಾಪಟುಗಳು ತಮ್ಮ ಅನುಭವವನ್ನ ದಿನಚರಿ ಥರ ಬರೆಯಬಹುದಿತ್ತು, ಆದರೆ ಸ್ಪರ್ಧಾ ಸ್ಥಳದ ವಿಡಿಯೊ ಹಾಕುವ ಹಾಗಿರಲಿಲ್ಲ. 2024ರ ಪ್ಯಾರಿಸ್ ಹೊತ್ತಿಗೆ ಸಡಿಲ ಮಾಡಿದರು. ಸ್ಪರ್ಧೆ ಶುರುವಾಗೋಕೆ 1 ಗಂಟೆ ಮುಂಚಿನ ತನಕ ಹಾಕಬಹುದು. ಆಮೇಲೆ ಸ್ಪರ್ಧೆ ಮುಗಿದು, ಪತ್ರಕರ್ತರ ಜಾಗ ದಾಟಿ, ಡೋಪ್ ಪರೀಕ್ಷೆ ಇದ್ದರೆ ಅದನ್ನೂ ಮುಗಿಸಿಕೊಂಡು ಹೊರಗೆ ಬಂದ ಮೇಲೆ ಮತ್ತೆ ಹಾಕಬಹುದು. ವಿಡಿಯೊ 2 ನಿಮಿಷದ ಒಳಗಿರಬೇಕು. ಲೈವ್ ಇಲ್ಲವೇ ಇಲ್ಲ, ಯಾಕಂದರೆ ಟಿವಿಯವರು ಕೋಟಿಗಟ್ಟಲೆ ಕೊಟ್ಟು ಹಕ್ಕು ತಗೊಂಡಿರ್ತಾರೆ.

@ಟೆನಿಸ್ ಬಾಲ್ ಟೈಗರ್ ನಿಮ್ಮ ಬ್ಯಾಟ್ ಅಂಗಡಿ ವಿಷಯಕ್ಕೂ ಅಲ್ಲಿ ನಿಯಮ ಇದೆ. ರೂಲ್ 40 ಅಂತಾರೆ. ಒಲಿಂಪಿಕ್ಸ್‌ನ ಅಧಿಕೃತ ಪ್ರಾಯೋಜಕರನ್ನ ಬಿಟ್ಟು ಬೇರೆ ಕಂಪನಿಗೆ ಆ ಅವಧಿಯಲ್ಲಿ ಜಾಹೀರಾತು ಮಾಡೋದಕ್ಕೆ ಕಟ್ಟುಪಾಡು. ಪ್ಯಾರಿಸ್‌ಗೆ ಅದು ಜುಲೈ 18ರಿಂದ ಆಗಸ್ಟ್ 13ರ ತನಕ ಇತ್ತು. ಮೊದಲು ಇನ್ನೂ ಬಿಗಿ ಇತ್ತು. 2012ರಲ್ಲಿ ಅಮೆರಿಕದ ಓಟಗಾರರೇ ಟ್ವಿಟರ್‌ನಲ್ಲಿ ಇದರ ವಿರುದ್ಧ ಗಲಾಟೆ ಎಬ್ಬಿಸಿದ್ದರು, ಸಾನ್ಯಾ ರಿಚರ್ಡ್ಸ್ ರಾಸ್ ಮುಂದಾಳು. ಅವರ ಮಾತೂ ನಿಮ್ಮ ಮಾತೂ ಒಂದೇ: ನಮ್ಮನ್ನ ಜನ ನೋಡೋದೇ ಈ ಕೆಲವು ದಿನ, ಆಗಲೇ ಬಾಯಿ ಮುಚ್ಚಿಸಿದರೆ ಹೊಟ್ಟೆಪಾಡು ಹೇಗೆ ಅಂತ.

ಟೆನಿಸ್ ಬಾಲ್ ಟೈಗರ್, ಬಳ್ಳಾರಿ
ನೋಡಿದ್ರಾ ಗೌಡ್ರೇ? ಒಲಿಂಪಿಕ್ಸ್‌ನೋರೂ ನನ್ನ ಕಡೆ 😎

ಕಡತ ಕೊಪ್ಪಳ
ಅಷ್ಟು ಬೇಗ ಕುಣೀಬೇಡಿ. ಅದೇ ಲಂಡನ್ ಒಲಿಂಪಿಕ್ಸ್‌ಗೆ ಮುಂಚೆ ಗ್ರೀಸ್‌ನ ಟ್ರಿಪಲ್ ಜಂಪ್ ಆಟಗಾರ್ತಿ ವೂಲಾ ಪಾಪಕ್ರಿಸ್ಟು ಆಫ್ರಿಕಾದ ವಲಸಿಗರ ಬಗ್ಗೆ ಒಂದು ಕೀಳು ಜೋಕ್ ಟ್ವೀಟ್ ಮಾಡಿ ಟೀಮಿಂದಲೇ ಹೊರಬಿದ್ದಳು. ಒಂದು ಜಿಗಿತವನ್ನೂ ಜಿಗಿಯಲಿಲ್ಲ. ಸ್ವಿಟ್ಜರ್ಲೆಂಡ್‌ನ ಫುಟ್‌ಬಾಲ್ ಆಟಗಾರ ಮೊರ್ಗನೆಲ್ಲಾ ದಕ್ಷಿಣ ಕೊರಿಯಾ ಎದುರು ಸೋತ ಸಿಟ್ಟಿಗೆ ಕೊರಿಯನ್ನರನ್ನ ಬೈದು ಬರೆದ, ಅವನನ್ನೂ ವಾಪಸ್ ಕಳಿಸಿದರು.

ಬಿಸಿಲೂರ ಹುಡುಗ, ರಾಯಚೂರು
ಪ್ಯಾರಿಸ್‌ನ್ಯಾಗ ಒಬ್ಬಾಂವ ಬರೇ ಕೇಕ್ ತಿನ್ನೋ ವಿಡಿಯೊ ಹಾಕ್ತಿದ್ದನಲ್ಲ, ಅಂವ ಏನಾದ?

ಕಡತ ಕೊಪ್ಪಳ
ನಾರ್ವೆಯ ಈಜುಗಾರ ಹೆನ್ರಿಕ್ ಕ್ರಿಸ್ಟಿಯನ್‌ಸನ್. ಕ್ರೀಡಾಗ್ರಾಮದ ಚಾಕೊಲೇಟ್ ಮಫಿನ್. ಪದಕ ಬರಲಿಲ್ಲ, ಹೆಸರು ಬಂತು.

ಬಿಸಿಲೂರ ಹುಡುಗ, ರಾಯಚೂರು
ನಾವೂ ಮಂಡಾಳ ಒಗ್ಗರಣಿ ಮಿರ್ಚಿ ತಿಂದು ಹಾಕ್ತೀವಿ ತಗೋರಿ. ಪದಕ ಹೆಂಗೂ ಇಲ್ಲ.

ಮಾನ್ವಿ ಅಕ್ಕ
ಓಡೋ ದಿನ ಮಿರ್ಚಿ ತಿಂದ್ರ ಲೇನ್ ಬಿಟ್ಟು ಬ್ಯಾರೆ ಕಡೆ ಓಡಬೇಕಾಗ್ತದ.

ಟೆನಿಸ್ ಬಾಲ್ ಟೈಗರ್, ಬಳ್ಳಾರಿ
ಮಿರ್ಚಿ ಅಂದ್ರೆ ಬಳ್ಳಾರಿನೇ. ಬೇರೆ ಕಡೆದು ಬಜ್ಜಿ.

ಎಡದಂಡೆ ಗೌಡ, ಕಾರಟಗಿ
ಕೊಪ್ಪಳ ಗವಿಮಠದ ಜಾತ್ರಿಗೆ ಬಾ, ದಾಸೋಹದಾಗ ಮಿರ್ಚಿ ತೋರಸ್ತೀನಿ ನಿನಗ.

ನಿರ್ವಾಹಕ
ಮಿರ್ಚಿಗೆ ಬೇರೆ ಚರ್ಚೆ ಶುರು ಮಾಡ್ರಿ. ಇಲ್ಲಿ ಮೊಬೈಲ್ ವಿಷಯ ಮಾತಾಡ್ರಿ.

ಥರ್ಡ್ ಅಂಪೈರ್, ಕುರುಗೋಡು
ಫೋನ್ ಪೂರ್ತಿ ಕಿತ್ಕೊಳ್ಳೋ ಆಟ ಬೇಕಂದ್ರೆ ಕ್ರಿಕೆಟ್ ನೋಡ್ರಿ. ಅಂತರರಾಷ್ಟ್ರೀಯ ಪಂದ್ಯ ಇದ್ದಾಗ ಆಟಗಾರರು ಗ್ರೌಂಡಿಗೆ ಬಂದ ಕೂಡ್ಲೇ ಫೋನ್ ಒಪ್ಪಿಸ್ಬೇಕು, ಆಟ ಮುಗಿದ ಮೇಲೇನೇ ವಾಪಸ್. ಡ್ರೆಸ್ಸಿಂಗ್ ರೂಮಿಂದ ಹಿಡ್ದು ಡಗ್‌ಔಟ್ ತನಕ ಆ ಜಾಗಕ್ಕೆಲ್ಲಾ ಭ್ರಷ್ಟಾಚಾರ ನಿಗ್ರಹದೋರ ಕಾವಲು. ಇದು ರೀಲ್ಸಿಗಾಗಿ ಬಂದ ನಿಯಮ ಅಲ್ಲ, ಬುಕ್ಕಿಗಳಿಗಾಗಿ ಬಂದಿದ್ದು. 2000ದಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಪ್ಟನ್ ಹ್ಯಾನ್ಸಿ ಕ್ರೊನಿಯೆ ಬುಕ್ಕಿ ಜೊತೆ ಮಾತಾಡಿದ್ದನ್ನ ದೆಹಲಿ ಪೊಲೀಸರು ಫೋನ್‌ನಲ್ಲೇ ಹಿಡಿದ್ರಲ್ಲ, ಆ ಹೊತ್ತಿನಿಂದ ಎಲ್ಲಾ ಬಿಗಿ ಆಯ್ತು. 2019ರಲ್ಲಿ ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಮೇಲೆ ನಿಷೇಧ ಬಿತ್ತು. ಬುಕ್ಕಿ ವಾಟ್ಸಾಪ್‌ನಲ್ಲಿ ಕೇಳಿದ್ದನ್ನ ಅಧಿಕಾರಿಗಳಿಗೆ ತಿಳಿಸಲಿಲ್ಲ ಅನ್ನೋದೇ ತಪ್ಪು.

‘ಇವತ್ತು ನಮ್ಮ ಮೇನ್ ಬೌಲರ್‌ಗೆ ಕಾಲು ನೋವು’ ಅಂತ ಒಂದು ಸ್ಟೋರಿ ಹಾಕಿದ್ರೆ ನಿಮಗೆ ಅದು ಸುದ್ದಿ, ಬೆಟ್ಟಿಂಗ್ ಆಡೋನಿಗೆ ರೊಕ್ಕ. ಒಳಗಿನ ಮಾಹಿತಿ ಹೊರಗೆ ಬಿಡೋದು ಐಸಿಸಿ ನಿಯಮದಲ್ಲಿ ಅಪರಾಧ. 2009ರ ಆಶಸ್‌ನಲ್ಲಿ, ಅಂದ್ರೆ ಇಂಗ್ಲೆಂಡ್ ಆಸ್ಟ್ರೇಲಿಯಾ ಟೆಸ್ಟ್ ಸರಣಿಯಲ್ಲಿ, ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ತನ್ನನ್ನ ಎಜ್‌ಬಾಸ್ಟನ್ ಟೆಸ್ಟಿಂದ ಕೈಬಿಟ್ಟಾರೆ ಅಂತ ಟೀಮ್ ಘೋಷಣೆಗೆ ಮುಂಚೆನೇ ಟ್ವೀಟ್ ಮಾಡಿದ್ದ. ಪಾಪ, ಬೇಜಾರಿಗೆ ಬರೆದಿದ್ದು. ಇಂಗ್ಲೆಂಡ್‌ನೋರಿಗೆ ಎದುರಾಳಿ ಟೀಮು ಪುಕ್ಕಟೆ ಗೊತ್ತಾಯ್ತು.

@ಟೆನಿಸ್ ಬಾಲ್ ಟೈಗರ್, ನಮ್ಮ ಕಡೆ ಟೂರ್ನಮೆಂಟ್ ಲೈವ್ ನೋಡ್ಕೊಂಡು ಯಾರ್ಯಾರು ಏನೇನು ಕಟ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಬಾಯಿ ಬಿಡಿಸ್ಬೇಡ.

ಟೆನಿಸ್ ಬಾಲ್ ಟೈಗರ್, ಬಳ್ಳಾರಿ
ಅಣ್ಣಾ ನಾನು ಆಡೋನು, ಕಟ್ಟೋನಲ್ಲ.

ಚೆಕ್‌ಮೇಟ್, ಗಂಗಾವತಿ
ಚೆಸ್‌ನಲ್ಲಿ ಇಷ್ಟು ಮಾತೇ ಇಲ್ಲ. ಫೋನ್ ರಿಂಗಾದ್ರೆ ಸೋತ ಹಾಗೆ. 2003ರ ಯುರೋಪಿಯನ್ ತಂಡ ಚಾಂಪಿಯನ್‌ಶಿಪ್‌ನಲ್ಲಿ ರುಸ್ಲಾನ್ ಪೊನೊಮರಿಯೊವ್ ಫೋನ್ ಬಡ್ಕೊಂತು, ಆಟ ಅಲ್ಲಿಗೇ ಮುಗೀತು. ಆವಾಗ ಅವನು ಫಿಡೆ (ವಿಶ್ವ ಚೆಸ್ ಸಂಸ್ಥೆ) ವಿಶ್ವ ಚಾಂಪಿಯನ್ ಬೇರೆ.

ಹೊಸಬ, ದೇವದುರ್ಗ
ನಾನು ಪಿಯುಸಿ. ಬಾಸ್ಕೆಟ್‌ಬಾಲ್ ಆಡ್ತೀನಿ. ಎಲ್ಲಾರೂ ಮೊಬೈಲ್ ನೋಡಿದ್ರ ಸೋಲ್ತಾರ ಅಂತೀರಲ್ಲ, 2009ರಾಗ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದಾಗ ಚಾರ್ಲಿ ವಿಲ್ಲನ್ಯೂವಾ ಅನ್ನಾಂವ ಹಾಫ್ ಟೈಮಿನ್ಯಾಗ ಲಾಕರ್ ರೂಮಿಂದ ಟ್ವೀಟ್ ಮಾಡಿದ್ದ, ‘ನಾನು ಇನ್ನೂ ಗಟ್ಟಿ ಆಡಬೇಕು’ ಅನ್ನೋ ಅರ್ಥದಾಗ. ಆ ಮ್ಯಾಚ್ ಗೆದ್ರು. ಅದೂ ಬೋಸ್ಟನ್ ಸೆಲ್ಟಿಕ್ಸ್ ಮ್ಯಾಲೆ.

ಕಡತ ಕೊಪ್ಪಳ
@ಹೊಸಬ ಗೆದ್ದರು, ಕೋಚ್ ಹತ್ರ ಬೈಸಿಕೊಂಡ ಕೂಡ. ಅದೇ ವರ್ಷ ಎನ್‌ಬಿಎ ನಿಯಮ ತಂತು: ಆಟಕ್ಕೆ 45 ನಿಮಿಷ ಮುಂಚಿನಿಂದ ಆಟ ಮುಗಿದು ಪತ್ರಕರ್ತರ ಜೊತೆ ಮಾತಾಡೋ ತನಕ ಪೋಸ್ಟ್ ಮಾಡಂಗಿಲ್ಲ.

ಇನ್ನೊಂದು ಹೇಳ್ತೀನಿ, ಇದು ನಿನ್ನ ವಯಸ್ಸಿನವರಿಗೇ. ಅದೇ ಎನ್‌ಬಿಎ ಆಟಗಾರರ ಟ್ವೀಟ್‌ಗಳ ಸಮಯ ಇಟ್ಕೊಂಡು ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರು. ರಾತ್ರಿ 11ರ ಮೇಲೆ ಟ್ವೀಟ್ ಮಾಡಿದವರು ಮರುದಿನದ ಆಟದಲ್ಲಿ ಸರಾಸರಿ ಸುಮಾರು 1 ಪಾಯಿಂಟ್ ಕಡಿಮೆ ಗಳಿಸಿದ್ದರು, ಬಾಸ್ಕೆಟ್‌ಗೆ ಹಾಕೋ ಗುರಿಯೂ ಕಡಿಮೆ ಆಗಿತ್ತು. ಟ್ವೀಟ್‌ನಿಂದ ಅಂತಲ್ಲ, ನಿದ್ದೆಗೆಟ್ಟಿದ್ದರಿಂದ. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಬೇರೊಂದು ಪ್ರಯೋಗ ಆಗಿದೆ. ಪಂದ್ಯಕ್ಕೆ ಮುಂಚೆ 30 ನಿಮಿಷ ಫೋನ್‌ನಲ್ಲಿ ಸೋಷಿಯಲ್ ಮೀಡಿಯಾ ನೋಡಿದವರು ಚೆಂಡು ಯಾರಿಗೆ ಕೊಡಬೇಕು ಅನ್ನೋ ನಿರ್ಧಾರದಲ್ಲಿ ಎಡವಿದರು. ಮೈ ದಣಿದಿರಲಿಲ್ಲ, ತಲೆ ದಣಿದಿತ್ತು.

ಹಾಗಾಗಿ ಮೇಷ್ಟ್ರೇ, ಚೀಲ ಹಾಕೋದಿದ್ದರೆ ರಾತ್ರಿ ಹಾಕಿ.

ಲೇನ್ ನಂಬರ್ 4, ಬಳ್ಳಾರಿ
ಇಷ್ಟೊತ್ತು ಓದ್ತಾ ಇದ್ದೆ, ಈಗ ಬರೀತೀನಿ. ನಾನು ವಿಶ್ವವಿದ್ಯಾಲಯ ಮಟ್ಟದಾಗೆ 400 ಮತ್ತು 400 ಹರ್ಡಲ್ಸ್ ಓಡಿದಾಕಿ. ಈಗ ಬಿ.ಪಿ.ಎಡ್. ಮಾಡ್ತಾ ಇದೀನಿ.

ಇಲ್ಲಿ ಎಲ್ಲಾರೂ ಹುಡುಗಿ ರೀಲ್ಸ್ ಹಾಕಿದ್ದೇ ತಪ್ಪು ಅನ್ನೋ ಹಂಗೆ ಮಾತಾಡ್ತಾ ಇದೀರಿ. ಮೇಷ್ಟ್ರು ಬರೆದಿದ್ದನ್ನ ಸರಿಯಾಗಿ ಓದಿ. ಹಾಕೋಕೆ ಅವಳಿಗೆ ಎಷ್ಟೊತ್ತು ಹಿಡೀತು? ಐದು ನಿಮಿಷ. ಉಳಿದ ಹೊತ್ತೆಲ್ಲಾ ಹೋಗಿದ್ದು ಕಾಮೆಂಟ್ ಓದೋಕೆ, ಉತ್ತರ ಕೊಡೋಕೆ. ಆ ಬೇರೆ ಶಾಲೆ ಹುಡುಗ್ರು ಏನು ಬರೆದಿದ್ರು ಅಂತ ಮೇಷ್ಟ್ರು ಹೇಳಿಲ್ಲ, ನಾನು ಊಹೆ ಮಾಡಬಲ್ಲೆ. ನನಗೆ ಬರ್ತಿದ್ದಿದ್ದು ಓಟದ ಬಗ್ಗೆ ಅಲ್ಲ. ಚಡ್ಡಿ ಎಷ್ಟುದ್ದ, ಬಣ್ಣ ಯಾಕೆ ಕಪ್ಪು, ಮದುವೆ ಯಾವಾಗ. ಒಂದು ಸಲ ಓಟ ಶುರು ಮಾಡೋ ಬ್ಲಾಕ್ಸ್ ಮೇಲೆ ಕಾಲಿಟ್ಟಾಗ್ಲೂ ಒಬ್ಬ ಬರೆದ ಸಾಲು ತಲೆಯೊಳಗೆ ಓಡ್ತಾ ಇತ್ತು. ಗನ್ ಸೌಂಡಿಗೆ ಎಲ್ಲಾರೂ ಎದ್ದರು, ನಾನು ಒಂದು ಗಳಿಗೆ ತಡ.

ಇದು ನನ್ನೊಬ್ಬಳ ಕಥೆ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಹೊತ್ತಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ 161 ಕ್ರೀಡಾಪಟುಗಳ ಟ್ವಿಟರ್ ಖಾತೆಗಳಿಗೆ ಬಂದಿದ್ದನ್ನ ಪರೀಕ್ಷೆ ಮಾಡಿಸಿತ್ತು. ಸಿಕ್ಕ ನಿಂದನೆಗಳಲ್ಲಿ 100ಕ್ಕೆ 87 ಹೆಣ್ಮಕ್ಕಳಿಗೇ ಬಂದಿದ್ವು. ಅಂದ್ರೆ ಚೀಲ ಯಾರ ಫೋನಿಗೆ ಹಾಕ್ಬೇಕು? ಬರೆಯೋ ಹುಡುಗ್ರ ಫೋನಿಗಾ, ಓದೋ ಹುಡುಗಿ ಫೋನಿಗಾ?

ಮಾನ್ವಿ ಅಕ್ಕ
ಯವ್ವಾ, ಚೊಲೊ ಕೇಳಿದಿ.

ಎಡದಂಡೆ ಗೌಡ, ಕಾರಟಗಿ
ತಂಗೀ, ಅದು ಖರೆ. ಆದ್ರ ಆ ಹುಡುಗ್ರು ಮೇಷ್ಟ್ರ ಕೈಯಾಗಿಲ್ಲ, ಈ ಹುಡುಗಿ ಅದಾಳ. ಕೈಯಾಗ ಇದ್ದೋರನ್ನೇ ಹಿಡಿಯೋದು.

ಲೇನ್ ನಂಬರ್ 4, ಬಳ್ಳಾರಿ
@ಎಡದಂಡೆ ಗೌಡ ಯಾವಾಗ್ಲೂ ಹಂಗೇ ಅಲ್ವಾ ಗೌಡ್ರೇ. ಕೈಗೆ ಸಿಗೋದು ಹುಡುಗೀನೇ. ಮತ್ತೆ ಆ ಹುಡುಗ್ರೂ ಶಾಲೆ ಮಕ್ಕಳೇ, ಅವರಿಗೂ ಒಬ್ಬ ಮೇಷ್ಟ್ರು ಇರ್ತಾರೆ. ಸ್ಕ್ರೀನ್‌ಶಾಟ್ ತಗೊಂಡು ಅವರಿಗೆ ಕಳಿಸೋಕೆ ಏನು ಕಷ್ಟ?

ಸೀಟಿ ಮೇಷ್ಟ್ರು, ಸಿಂಧನೂರು
ಕಳಿಸ್ತೀನ್ರಿ ಮೇಡಂ. ಆ ಸಾಲಿ ಮಾಸ್ತರು ನನಗ ಪರಿಚಯ ಅದಾರ.

ಥರ್ಡ್ ಅಂಪೈರ್, ಕುರುಗೋಡು
ಗಂಡಸರಿಗೂ ಬಿಡಲ್ಲ ಬಿಡ್ರಿ. 2021ರಲ್ಲಿ ದುಬೈನಲ್ಲಿ ಪಾಕಿಸ್ತಾನದ ಎದುರು ಟಿ20 ವಿಶ್ವಕಪ್ ಪಂದ್ಯ ಸೋತಾಗ ಮೊಹಮ್ಮದ್ ಶಮಿಗೆ ಧರ್ಮ ಹಿಡಿದು ಬೈದ್ರು. ಮರುವರ್ಷ ಏಷ್ಯಾ ಕಪ್‌ನಲ್ಲಿ ಅರ್ಷದೀಪ್ ಒಂದು ಕ್ಯಾಚ್ ಬಿಟ್ಟಿದ್ದಕ್ಕೆ ಅವನ ವಿಕಿಪೀಡಿಯ ಪುಟಾನೇ ತಿದ್ದಿಬಿಟ್ರು. ಟೆನಿಸ್‌ನಲ್ಲಂತೂ 2024ರ ಲೆಕ್ಕ ತೆಗೆದಿದ್ದಾರೆ: 458 ಆಟಗಾರರಿಗೆ ಸುಮಾರು 8,000 ನಿಂದನೆ ಪೋಸ್ಟ್, ಅದ್ರಲ್ಲಿ 100ಕ್ಕೆ 40 ಬೆಟ್ಟಿಂಗ್‌ನಲ್ಲಿ ದುಡ್ಡು ಕಳ್ಕೊಂಡೋರು ಬರೆದಿದ್ದು. ಅಭಿಮಾನಿಗಳೂ ಅಲ್ಲ ಅವರು.

ತೋರಣಗಲ್ಲು ಶಿಫ್ಟ್
ಈಗ ಬಿ ಶಿಫ್ಟ್ ಮುಗಿಸಿ ಬಂದೆ, ಅದಕ್ಕೇ ಲೇಟು. ನಮ್ಮ ತೋರಣಗಲ್ಲಿನ ಹತ್ರಾನೇ, ವಿಜಯನಗರ ಟೌನ್‌ಶಿಪ್ ಕಡೆ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಐತೆ. 2018ರಾಗೆ ಶುರುವಾಗಿದ್ದು. ನೀರಜ್ ಚೋಪ್ರಾ ಅಲ್ಲೂ ತರಬೇತಿ ಮಾಡ್ಯಾನೆ. ದೇಶದ ಮೂಲೆ ಮೂಲೆಯಿಂದ ಬಂದ ಕುಸ್ತಿ, ಬಾಕ್ಸಿಂಗ್, ಜೂಡೊ ಹುಡುಗ್ರು ಇದ್ದಾರೆ. ನಮ್ಮ ಜಿಲ್ಲೆ ಒಳಗೇ ಇದ್ರೂ ನಮ್ಮ ಜನಕ್ಕೆ ಅದು ಗೊತ್ತಿಲ್ಲ, ಗಣಿ ಲಾರಿ ಮಾತ್ರ ಗೊತ್ತು.

ನೀರಜ್ ಹೆಸರು ಯಾಕೆ ತೆಗೆದೆ ಅಂದ್ರೆ, 2021ರಾಗೆ ಟೋಕಿಯೊ ಚಿನ್ನ ಬಂದ ಮೇಲೆ ಒಂದು ಸಂದರ್ಶನದಾಗೆ ಅವನು ಸುಮ್ನೆ ಹೇಳಿದ್ದ, ಫೈನಲ್‌ಗೆ ಮುಂಚೆ ನನ್ನ ಜಾವೆಲಿನ್ ಪಾಕಿಸ್ತಾನದ ಅರ್ಷದ್ ನದೀಮ್ ಕೈಯಾಗೆ ಇತ್ತು, ಇಸ್ಕೊಂಡೆ ಅಂತ. ಅಷ್ಟಕ್ಕೇ ನಮ್ಮ ಜನ ಅರ್ಷದ್ ಮೇಲೆ ಬಿದ್ರು, ಬೇಕಂತಲೇ ಕದ್ದಾನೆ ಅಂತ. ನೀರಜೇ ವಿಡಿಯೊ ಮಾಡಿ ಹಾಕಿದ, ನನ್ನ ಹೆಸರು ಇಟ್ಕೊಂಡು ಹೊಲಸು ಹಬ್ಬಿಸ್ಬೇಡಿ, ಜಾವೆಲಿನ್ ಯಾರು ಬೇಕಾದ್ರೂ ಬಳಸಬಹುದು ಅಂತ. 2025ರಾಗೆ ಬೆಂಗಳೂರಿನ ತನ್ನ ಕೂಟಕ್ಕೆ ಅರ್ಷದ್‌ನ ಕರೆದಿದ್ದಕ್ಕೆ ಮತ್ತೆ ಬೈಗುಳ, ಅವನ ಮನೆಯೋರಿಗೂ ಸೇರಿಸಿ. ಮತ್ತೆ ಅವನೇ ಬರೆದು ತಿಳಿಸ್ಬೇಕಾಯ್ತು. ಫೋನ್ ಚೀಲದಾಗೆ ಹಾಕಿ ಕೂತಿದ್ರೆ ಯಾರು ಹೇಳೋರು ಇದನ್ನ?

ಬಿಸಿಲೂರ ಹುಡುಗ, ರಾಯಚೂರು
ಆಟಗಾರರ ಫೋನ್ ಹೋಗ್ಲಿ, ಮೊದ್ಲು ಕ್ಲಬ್‌ನೋರ ಫೋನ್ ಇಸ್ಕೋಬೇಕು. 2025ರ ಜೂನ್ 4ಕ್ಕ ಬೆಳಿಗ್ಗೆ ಆರ್‌ಸಿಬಿ ಮೆರವಣಿಗೆ ಅಂತ ಪೋಸ್ಟ್ ಬಂತು, ಸಂಜಿಗೆ ಚಿನ್ನಸ್ವಾಮಿ ಗೇಟಿನ ಹೊರಗ 11 ಮಂದಿ ಸತ್ರು. ನಮ್ಮ ಓಣಿ ಹುಡುಗ್ರೂ ಅವತ್ತು ಹೊಂಟು ನಿಂತಿದ್ರು, ಟ್ರೇನ್ ತಪ್ಪಿತ್ತು.

ನಿರ್ವಾಹಕ
ಆ ವಿಷಯಕ್ಕೆ ಆಗಲೇ ದೊಡ್ಡ ಚರ್ಚೆ ಇದೆ. ಇಲ್ಲಿ ಬೇಡ.

ಲೇನ್ ನಂಬರ್ 4, ಬಳ್ಳಾರಿ
ಮೇಷ್ಟ್ರೇ, ನೀವು ಹುಡುಗೀರ ಫೋನ್ ತಗೊಂಡು ಒಂದು ಕೆಲಸ ಮಾಡಿಕೊಡಿ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಕಾಮೆಂಟ್‌ಗೆ ಪದ ಸೇರಿಸೋ ಪಟ್ಟಿ ಇರ್ತದೆ, ಆ ಪದ ಇದ್ದ ಕಾಮೆಂಟ್ ತಾನಾಗೇ ಮರೆ ಆಗ್ತದೆ. ಇಂಗ್ಲಿಷ್ ಬೈಗುಳ ಅದಕ್ಕೇ ಗೊತ್ತು, ನಮ್ಮ ಬೈಗುಳ ಎಲ್ಲಾ ಗೊತ್ತಿರಲ್ಲ. ನಾವೇ ತುಂಬಬೇಕು. ಕನ್ನಡ ಅಕ್ಷರದಾಗೆ ಒಂದ್ಸಲ, ಇಂಗ್ಲಿಷ್ ಅಕ್ಷರದಾಗೆ ಎಷ್ಟು ಥರ ಬರೀತಾರೋ ಅಷ್ಟೂ ಥರ. ಒಂದೇ ಬೈಗುಳವನ್ನ ಒಬ್ಬ ಒಂದು ‘ಎ’ ಹಾಕಿ ಬರೀತಾನೆ, ಇನ್ನೊಬ್ಬ ಎರಡು, ಮತ್ತೊಬ್ಬ ನಡುವೆ ಚುಕ್ಕಿ ಇಡ್ತಾನೆ. ತೆಲುಗು ಬೈಗುಳಾನೂ ಸೇರಿಸಿ, ನಮ್ಮ ಬಳ್ಳಾರಿ ಕಡೆಯೋರು ಎರಡೂ ಭಾಷೇಲಿ ಬೈತಾರೆ. ನಾನೂ ನನ್ನ ರೂಮ್‌ಮೇಟೂ ಕೂತು ಪಟ್ಟಿ ಮಾಡಿದ್ವಿ. ಅಂಥ ಪಟ್ಟಿ ಮಾಡುವಾಗ ಎಷ್ಟು ನಕ್ಕಿದ್ದೀವಿ ಅಂದ್ರೆ ಹಾಸ್ಟೆಲ್ ವಾರ್ಡನ್ ಬಂದು ಬಾಗಿಲು ಬಡಿದ್ರು.

ಕೂಟದ ದಿನ ಕಾಮೆಂಟ್ ಪೂರ್ತಿ ಬಂದ್ ಮಾಡೋಕೂ ಬರ್ತದೆ. ಹಾಕಿದ ಹಂಗೂ ಆಯ್ತು, ಓದೋದೂ ತಪ್ತು.

ಟೆನಿಸ್ ಬಾಲ್ ಟೈಗರ್, ಬಳ್ಳಾರಿ
ಅಕ್ಕಾ, ಕಾಮೆಂಟ್ ಬಂದ್ ಮಾಡಿದ್ರೆ ರೀಚ್ ಬಿದ್ದೋಗ್ತದೆ.

ಲೇನ್ ನಂಬರ್ 4, ಬಳ್ಳಾರಿ
ಬೀಳ್ಲಿ ಬಿಡಪ್ಪಾ. ಫೈನಲ್ ಮುಗಿದ ಮೇಲೆ ಎಬ್ಬಿಸ್ಕೋತಾಳೆ.

ಹೊಸಬ, ದೇವದುರ್ಗ
ನಂದು ಟೀನ್ ಅಕೌಂಟ್. ರಾತ್ರಿ 10ರಿಂದ ಬೆಳಿಗ್ಗೆ 7ರ ತನ ಅದೇ ಮಲಗಿಸಿಬಿಡ್ತದ, ನೋಟಿಫಿಕೇಶನ್ ಬರಂಗಿಲ್ಲ. ನಮ್ಮ ಟೀಮಿನ್ಯಾಗ ಉಳಿದೋರೆಲ್ಲಾ ವಯಸ್ಸು 25 ಅಂತ ಕೊಟ್ಟಾರ. ಒಬ್ಬಾಂವಂದು 1947ರಾಗ ಹುಟ್ಟಿದ್ದು.

ಬಿಸಿಲೂರ ಹುಡುಗ, ರಾಯಚೂರು
ಅಂವಗ ಹಿರಿಯ ನಾಗರಿಕರ ಓಟಕ್ಕ ಹೆಸರು ಕೊಡ್ರಿ 😂

ಸೀಟಿ ಮೇಷ್ಟ್ರು, ಸಿಂಧನೂರು
ಎಲ್ಲಾರ ಮಾತೂ ಓದಿದೆ. ಹುಡುಗಿ ಜೊತಿಗೂ ಕುಂತು ಮಾತಾಡಿದೆ. ಹಿಂಗ ಮಾಡಬೇಕಂತ ಅದೀನಿ, ತಪ್ಪಿದ್ರ ಹೇಳ್ರಿ.

ಬಸ್ಸಿನ್ಯಾಗ ಯಾರ ಫೋನೂ ಇಸ್ಕೊಳ್ಳಂಗಿಲ್ಲ. ರಾತ್ರಿ ಊಟ ಆದ ಮ್ಯಾಲೆ ಮನಿಗೆ ಮಾತಾಡಿ ಫೋನ್ ಮೇಡಮ್ಮಾರ ಕೈಗೆ ಕೊಡೋದು. ಆದ್ರ ಹುಡುಗ್ಯಾರ ಕೋಣಿಗೆ ಒಂದು ಕೀಪ್ಯಾಡ್ ಫೋನ್, ಅದರಾಗ ಎಲ್ಲಾ ಪಾಲಕರ ನಂಬರ್, ಮೇಡಮ್ಮಾರ ನಂಬರ್. ಅದು ರಾತ್ರಿಯಿಡೀ ಚಾಲೂ. ಕೂಟದ ದಿನ ಚೆಸ್ಟ್ ನಂಬರ್ ಕೈಗೆ ಬಂದಾಗ ಫೋನ್ ನನ್ನ ಕೈಗೆ, ಅವರ ಓಟ ಪೂರ್ತಿ ಮುಗಿದ ಕೂಡ್ಲೇ ವಾಪಸ್. ಹೀಟ್ಸ್ ಮತ್ತ ಫೈನಲ್ ನಡುವ ಕೊಡಂಗಿಲ್ಲ. ವಿಡಿಯೊ ನಾನೇ ಮಾಡಿ ಕೊಡ್ತೀನಿ, ಆಮ್ಯಾಲೆ ಏನರ ಹಾಡು ಹಚ್ಚಿ ಹಾಕ್ಲಿ.

ಮಾನ್ವಿ ಅಕ್ಕ
ಕೋಣಿಗೆ ಒಂದು ಫೋನ್ ಇದ್ರ ನಾನು ಒಪ್ಪಿದೆ. ಖೋ ಖೋ ಮಕ್ಕಳು ಬ್ಯಾರೆ ಕೋಣ್ಯಾಗ ಇದ್ರ ಎರಡು ಇಡ್ರಿ ಸರ. ಬ್ಯಾಲೆನ್ಸ್ ನಾವು ಪಾಲಕರು ಹಾಕಸ್ತೀವಿ.

ಟೆನಿಸ್ ಬಾಲ್ ಟೈಗರ್, ಬಳ್ಳಾರಿ
ವಿಡಿಯೊ ನೀವು ಮಾಡ್ತೀರಾ ಮೇಷ್ಟ್ರೇ? ಉದ್ದಕ್ಕೆ ಹಿಡೀರಿ, ಅಡ್ಡ ಹಿಡಿದ್ರೆ ರೀಲ್ಸಿಗೆ ಬರಲ್ಲ. ಮತ್ತೆ ಫಿನಿಶ್ ಲೈನ್ ಹತ್ರ ನಿಂತು ‘ಓಡವ್ವಾ ಓಡು’ ಅಂತ ನೀವೇ ಕೂಗಿದ್ರೆ ಆ ಸೌಂಡೇ ವೈರಲ್.

ಚೆಕ್‌ಮೇಟ್, ಗಂಗಾವತಿ
ಇಸ್ಕೊಂಡ ಫೋನಿಗೆ ಹೆಸರು ಬರೆದು ಟೇಪ್ ಅಂಟಿಸಿ. ಎಲ್ಲಾರದೂ ಒಂದೇ ಕಂಪನಿ, ಒಂದೇ ಕರಿ ಕವರ್. ಚೆಸ್ ಟೂರ್ನಮೆಂಟ್‌ನಲ್ಲಿ ಫೋನ್ ವಾಪಸ್ ಕೊಡೋವಾಗ ಆಗೋ ಜಗಳ ಬೋರ್ಡ್ ಮೇಲೂ ಆಗಲ್ಲ.

ಎಡದಂಡೆ ಗೌಡ, ಕಾರಟಗಿ
ಗೆದ್ರ ಇಲ್ಲೇ ಹಾಕ್ರಿ ಮೇಷ್ಟ್ರೇ, ನಾನೂ ಲೈಕ್ ಒತ್ತತೀನಿ. ಭತ್ತ ಕೊಯ್ಲು ಇಲ್ದಿದ್ರ ನೋಡಾಕೂ ಬರ್ತಿದ್ದೆ.

ಹೊಸಬ, ದೇವದುರ್ಗ
ಸರ ಒಂದು ಡೌಟು. ಫೋನ್ ಇಸ್ಕೊಂತೀರಿ, ಸ್ಮಾರ್ಟ್ ವಾಚ್? ಅದರಾಗೂ ಮೆಸೇಜ್ ಬರ್ತದ.

ಥರ್ಡ್ ಅಂಪೈರ್, ಕುರುಗೋಡು
ಬರ್ತದೆ ಅಂತಾನೇ 2018ರಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಪಾಕಿಸ್ತಾನದ ಆಟಗಾರರಿಗೆ ವಾಚ್ ಬಿಚ್ಚಿಡಿ ಅಂತ ಐಸಿಸಿ ಅಧಿಕಾರಿ ಹೇಳಿದ್ರು.

ಲೇನ್ ನಂಬರ್ 4, ಬಳ್ಳಾರಿ
ಅಥ್ಲೆಟಿಕ್ಸ್‌ನಲ್ಲೂ ನಿಯಮ ಇದೆ. ಸ್ಪರ್ಧೆ ನಡೆಯೋ ಜಾಗದಲ್ಲಿ ಫೋನ್ ಹತ್ತಿರ ಇಟ್ಕೊಂಡ್ರೆ ಅದು ಹೊರಗಿನ ಸಹಾಯ ಪಡೆದ ಲೆಕ್ಕ, ವಾರ್ನಿಂಗ್ ಕೊಟ್ಟ ಮೇಲೂ ಮಾಡಿದ್ರೆ ಸ್ಪರ್ಧೆಯಿಂದ ಔಟ್. ನಾಡಿಮಿಡಿತ, ವೇಗ ತೋರಿಸೋ ವಾಚ್ ನಡೀತದೆ, ಆದ್ರೆ ಅದ್ರಲ್ಲಿ ಇನ್ನೊಬ್ರ ಜೊತೆ ಮಾತಾಡೋಕೆ, ಮೆಸೇಜ್ ಮಾಡೋಕೆ ಬರಬಾರದು.

ಹೊಸಬ, ದೇವದುರ್ಗ
ಹಂಗಾರ ಬ್ಲೂಟೂತ್ ಆಫ್ ಮಾಡಿ ಕಟ್ಟಿಕೊಂಡ್ರ ನಡೀತದ?

ಲೇನ್ ನಂಬರ್ 4, ಬಳ್ಳಾರಿ
ಸ್ಟಾರ್ಟರ್ ಗನ್ ಎತ್ತಿದಾಗ ನಿಂತು ಅವನಿಗೆ ಬ್ಲೂಟೂತ್ ಪಾಠ ಮಾಡ್ತೀಯಾ? ಬಿಚ್ಚಿ ಮನೇಲಿ ಇಟ್ಟು ಬಾರೋ. ಮತ್ತೆ ನೀನು ಬಾಸ್ಕೆಟ್‌ಬಾಲ್ ಅಲ್ವಾ, ಅದರಾಗೆ ಕೈಗೆ ವಾಚೇ ಕಟ್ಟಂಗಿಲ್ಲ.